ಫೋಟೋದ ಅಂಚಿಗೆ ನಿಂತವರು

ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಮಂತ್ರಿ ಬರುತ್ತಾನೆಂದರೆ ಮೊದಲು ಪೊಲೀಸರು ಬರುತ್ತಾರೆ, ಆಮೇಲೆ ಹಾರ ಬರುತ್ತದೆ, ಹಾರದ ಬೆನ್ನಿಗೇ ಕ್ಯಾಮೆರಾ ಬರುತ್ತದೆ. ಸಾಲಪತ್ರ ಕೊಡುವುದಿರಲಿ, ಹೊಲಿಗೆ ಮಷಿನ್ ಹಂಚುವುದಿರಲಿ, ಕೊಡುವ ಕೈ, ಕೊಡುವವನ ಮುಖ, ಅವನ ಹಿಂದೆ ಇಣುಕುವ ಹತ್ತು ಪುಢಾರಿಗಳ ಹಲ್ಲು, ಇಷ್ಟೂ ಫೋಟೋದಲ್ಲಿ ನಿಚ್ಚಳ ಬೀಳುತ್ತವೆ. ತೆಗೆದುಕೊಳ್ಳುವ ಮುದುಕಿಯ ಬೆನ್ನೋ, ಸೆರಗೋ, ಅರ್ಧ ಮೊಳಕೈಯೋ ಅಂಚಿಗೆ ಬಿದ್ದಿರುತ್ತದೆ. ಮರುದಿನ ಪೇಪರಿನಲ್ಲಿ ಎಲ್ಲರ ಹೆಸರೂ ಎಡದಿಂದ ಬಲಕ್ಕೆ ಸಾಲಾಗಿ ಅಚ್ಚಾಗುತ್ತವೆ, ಮುದುಕಿಯದೊಂದನ್ನು ಬಿಟ್ಟು. ಆಕೆ 'ಫಲಾನುಭವಿ.' ಈಕಿ ಯಾರ ಅಂತ ಕೇಳಿದ್ರ 'ಯಾರೋ ಒಬ್ಬಾಕಿ' ಅಂತಾರ. ಈ 'ಯಾರೋ ಒಬ್ಬಾಕಿ'ಯ ಚರಿತ್ರೆಯನ್ನು ಬರೆಯಬೇಕಾದರೆ ದೊಡ್ಡವರ ಫೋಟೋ ತೆಗೆದವರ ಚರಿತ್ರೆಯನ್ನು ಮೊದಲು ನೋಡಬೇಕಾಗುತ್ತದೆ. ಯಾಕೆಂದರೆ ಯಾರ ಮುಖಕ್ಕೆ ಬೆಳಕು ಬೀಳಬೇಕೆಂದು ಗೆರೆ ಹಾಕಿದವರಲ್ಲಿ ಅವರೂ ಸೇರಿದ್ದಾರೆ. ಅವರಲ್ಲೇ ಕೆಲವರು ಆ ಗೆರೆಯನ್ನು ದಾಟಿದ್ದಾರೆ ಎಂಬುದೂ ನಿಜ.

ನಮ್ಮ ಜಿಲ್ಲೆಯ ಮಟ್ಟಿಗೆ ಈ ಮಾತು 1924ರಿಂದ ಸುರುವಾಗುತ್ತದೆ. ಆ ವರ್ಷದ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದು. ಅದರ ಫೋಟೋಗಳನ್ನು ನಮ್ಮ ಶಾಲೆಯ ಮಕ್ಕಳೂ ನೋಡಿದ್ದಾರೆ. ನಾಲ್ಕೇ ತಿಂಗಳ ನಂತರ, 1925ರ ಏಪ್ರಿಲಿನಲ್ಲಿ, ನಿಪ್ಪಾಣಿಯಲ್ಲಿ ಮುಂಬಯಿ ಪ್ರಾಂತಿಕ ಬಹಿಷ್ಕೃತ ಪರಿಷತ್ತು ಸೇರಿತು. ಡಾ. ಬಾಬಾಸಾಹೇಬ ಅಂಬೇಡ್ಕರ್ ಅಲ್ಲಿಗೆ ಬಂದರು, ಮಾತಾಡಿದರು. ವೈಕಂ ಸತ್ಯಾಗ್ರಹದ ಬಗ್ಗೆ, ಗಾಂಧೀಜಿಯ ನಿಲುವಿನ ಬಗ್ಗೆ ಅವರು ಅಳೆದು ತೂಗಿ ಆಡಿದ ಮಾತುಗಳನ್ನು ಇಂದಿಗೂ ಚರಿತ್ರೆಕಾರರು ಎತ್ತಿ ನೋಡುತ್ತಾರೆ. ಇದಕ್ಕೂ ಐದು ವರ್ಷ ಮೊದಲು, 1920ರ ಮಾರ್ಚಿನಲ್ಲಿ, ನಿಪ್ಪಾಣಿಯಿಂದ ದೂರವೇನೂ ಇಲ್ಲದ ಮಾಣಗಾಂವದಲ್ಲಿ ಕೊಲ್ಹಾಪುರದ ಶಾಹೂ ಮಹಾರಾಜರು ಇದೇ ಅಂಬೇಡ್ಕರರನ್ನು ತೋರಿಸಿ, ನಿಮ್ಮ ನಾಯಕ ನಿಮಗೆ ಸಿಕ್ಕಿದ್ದಾನೆ ಎಂದು ಬಹಿಷ್ಕೃತರಿಗೆ ಹೇಳಿದ್ದರು. ರಾಯಬಾಗ ಆಗ ಆ ಶಾಹೂ ಮಹಾರಾಜರ ಸಂಸ್ಥಾನಕ್ಕೇ ಸೇರಿತ್ತು. ಚಿಕ್ಕೋಡಿ, ಅಥಣಿ ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದವು. ಗಡಿ ಯಾವುದಿದ್ದರೂ ಕೇರಿ ಮಾತ್ರ ಎಲ್ಲ ಕಡೆ ಊರ ಹೊರಗೇ ಇತ್ತು.

ಈ ಎರಡು ಸಭೆಗಳ ನೂರು ವರ್ಷವನ್ನು ನಾವು ಕಣ್ಣಾರೆ ಕಂಡೆವು. 2024ರ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದ ಶತಮಾನವನ್ನು ಸರಕಾರ ಮತ್ತು ಕಾಂಗ್ರೆಸ್ ದೀಪಗಳಿಂದ, ಗಾಂಧೀಜಿಯ ಚಿತ್ರಗಳಿಂದ ಮೆರೆಸಿದವು. 2025ರ ಏಪ್ರಿಲಿನಲ್ಲಿ ನಿಪ್ಪಾಣಿಯ ಶತಮಾನಕ್ಕೆ 'ಭೀಮ ಹೆಜ್ಜೆ' ಎಂಬ ಹೆಸರಿನಲ್ಲಿ ರಥಯಾತ್ರೆ ಬಂತು, ನಡೆಸಿದ್ದು ಭಾರತೀಯ ಜನತಾ ಪಕ್ಷ. ಒಬ್ಬರು ಗಾಂಧೀಜಿಯ ಪಕ್ಕ ನಿಂತರು, ಇನ್ನೊಬ್ಬರು ಬಾಬಾಸಾಹೇಬರ ಪಕ್ಕ ನಿಂತರು. ಸತ್ತವರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವುದು ಸುಲಭ, ಅವರು 'ಸರಕ್ಕೋ' ಅನ್ನುವುದಿಲ್ಲ. ಆದರೆ 1925ರಲ್ಲಿ ಬಿಸಿಲಲ್ಲಿ ನಡೆದು ನಿಪ್ಪಾಣಿಗೆ ಬಂದು ನೆಲದ ಮೇಲೆ ಕುಳಿತು ಕೇಳಿದವರ ಮೊಮ್ಮಕ್ಕಳು ಯಾರು, ಅವರು ಈಗ ಎಲ್ಲಿದ್ದಾರೆ ಎಂದು ಯಾವ ರಥವೂ ಕೇಳಲಿಲ್ಲ.

ಈಗ ಕ್ಯಾಮೆರಾದ ಮಾತಿಗೆ ಬರೋಣ. ಅಂದಿನ ಪತ್ರಿಕಾ ಛಾಯಾಗ್ರಾಹಕರ ಕೈಯಲ್ಲಿದ್ದದ್ದು ಸ್ಪೀಡ್ ಗ್ರಾಫಿಕ್ ಎಂಬ ಪೆಟ್ಟಿಗೆಯಂಥ ಕ್ಯಾಮೆರಾ, ಇಲ್ಲವೆ ಹೊಟ್ಟೆಯ ಹತ್ತಿರ ಹಿಡಿದು ತಲೆ ತಗ್ಗಿಸಿ ನೋಡುವ ರೋಲಿಫ್ಲೆಕ್ಸ್. ರೋಲಿಫ್ಲೆಕ್ಸಿನ ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಸ್ಪೀಡ್ ಗ್ರಾಫಿಕ್ಕಿನಲ್ಲಿ ಒಂದೊಂದು ಚಿತ್ರಕ್ಕೂ ಒಂದೊಂದು ಹಾಳೆ, ಒಂದೊಂದು ಫ್ಲ್ಯಾಷ್ ಬಲ್ಬು. ಬಲ್ಬು ಒಮ್ಮೆ ಉರಿದರೆ ಎಸೆಯಬೇಕು. ಅಂದರೆ ಪ್ರತಿ ಚಿತ್ರಕ್ಕೂ ರೊಕ್ಕದ ಲೆಕ್ಕವಿತ್ತು. ಹನ್ನೆರಡರಲ್ಲಿ ಒಂದನ್ನು ಬೀಡಿ ಕಟ್ಟುವವಳಿಗೆ ಯಾರು ಖರ್ಚು ಮಾಡುತ್ತಾರೆ? ಸಂಪಾದಕ ಕೇಳುವುದು ನೆಹರೂ ಅವರನ್ನು. ಆಮೇಲೆ ಆ ಫೋಟೋ ಅಚ್ಚಾಗಬೇಕಾದರೆ ಸತುವಿನ ಬ್ಲಾಕ್ ಮಾಡಿಸಬೇಕು, ಅದಕ್ಕೆ ಮತ್ತೆ ರೊಕ್ಕ. ಹೀಗಾಗಿ ನಮ್ಮ ಊರುಗಳ ಸಣ್ಣ ಪ್ರೆಸ್ಸುಗಳಲ್ಲಿ ಗಾಂಧಿ, ನೆಹರೂ, ಬಸವಣ್ಣ, ಶಿವಾಜಿಯರ ಬ್ಲಾಕುಗಳನ್ನು ಡಬ್ಬಿಯಲ್ಲಿಟ್ಟುಕೊಂಡು ಜಯಂತಿಗೊಮ್ಮೆ ತೆಗೆದು ಒತ್ತುತ್ತಿದ್ದರು. ಬಂಡಾಯದ ಸಣ್ಣ ಪತ್ರಿಕೆಗಳಲ್ಲಿ ಫೋಟೋಕ್ಕಿಂತ ಗೆರೆಚಿತ್ರಗಳೇ ಹೆಚ್ಚು ಕಾಣುತ್ತವಲ್ಲ, ಅದು ಬರೀ ಅಭಿರುಚಿಯ ಪ್ರಶ್ನೆಯಲ್ಲ. ಬ್ಲಾಕಿಗೆ ಕೊಡಲು ನಮ್ಮವರ ಕಿಸೆಯಲ್ಲಿ ಏನಿತ್ತು?

ಆ ಕಾಲದ ದೊಡ್ಡವರ ಫೋಟೋ ತೆಗೆದವರಲ್ಲಿ ಹೋಮಾಯಿ ವ್ಯಾರಾವಾಲಾ ಅವರನ್ನು ನೆನೆಯಲೇಬೇಕು. 1913ರಲ್ಲಿ ಗುಜರಾತಿನ ನವಸಾರಿಯಲ್ಲಿ ಹುಟ್ಟಿದ ಪಾರಸಿ ಹೆಂಗಸು, ಈ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. ಆಕೆಯ ಮೊದಮೊದಲ ಚಿತ್ರಗಳು ಗಂಡನ ಹೆಸರಿನಲ್ಲಿ ಅಚ್ಚಾದವು. ಸೀರೆಯುಟ್ಟು ಸೈಕಲ್ ಹತ್ತಿ ದಿಲ್ಲಿ ತಿರುಗಿ ಮೌಂಟ್‌ಬ್ಯಾಟನ್ನರ ನಿರ್ಗಮನ, ಗಾಂಧೀಜಿಯ ಅಂತ್ಯಸಂಸ್ಕಾರ, ಪಾರಿವಾಳ ಹಾರಿಸುವ ನೆಹರೂ ಎಲ್ಲವನ್ನೂ ಹಿಡಿದ ಈಕೆ 1970ರಲ್ಲಿ ಕ್ಯಾಮೆರಾ ಕೆಳಗಿಟ್ಟರು. ಸರಕಾರಕ್ಕೆ ಆಕೆಯ ನೆನಪಾಗಿ ಪದ್ಮವಿಭೂಷಣ ಬಂದದ್ದು 2011ರಲ್ಲಿ, ಸಾಯುವ ಹಿಂದಿನ ವರ್ಷ. ಅಮೆರಿಕದ 'ಲೈಫ್' ಪತ್ರಿಕೆಯ ಮಾರ್ಗರೆಟ್ ಬೂರ್ಕ್-ವೈಟ್ 1946ರಲ್ಲಿ ಚರಕದ ಬಳಿ ಕೂತ ಗಾಂಧೀಜಿಯನ್ನು ತೆಗೆದರು. ಆ ಚಿತ್ರ ಜಗತ್ತಿಗೆಲ್ಲ ಗೊತ್ತು. ಅದೇ ವರ್ಷ ಆಕೆ ಬಾಬಾಸಾಹೇಬರನ್ನೂ ತೆಗೆದರೆಂಬುದು ಎಷ್ಟು ಜನ ಮೇಷ್ಟ್ರುಗಳಿಗೆ ಗೊತ್ತು? ಒಂದೇ ಕ್ಯಾಮೆರಾ, ಒಂದೇ ವರ್ಷ. ಒಂದು ಚಿತ್ರ ಪಠ್ಯಪುಸ್ತಕಕ್ಕೆ ಹೋಯಿತು, ಇನ್ನೊಂದು ಬಹಳ ಕಾಲ ಲೈಬ್ರರಿಯ ಪೆಟ್ಟಿಗೆಯಲ್ಲುಳಿಯಿತು.

ಕನ್ನಡನಾಡಿನಲ್ಲಿ ಈ ಕೆಲಸಕ್ಕೆ ಒಂದು ಬದುಕನ್ನೇ ಕೊಟ್ಟವರು ಟಿ. ಎಸ್. ಸತ್ಯನ್. 1923ರ ಡಿಸೆಂಬರಿನಲ್ಲಿ ಮೈಸೂರಿನಲ್ಲಿ ಹುಟ್ಟಿದರು. ಸತ್ಯನಾರಾಯಣ ಅಯ್ಯರ್ ಎಂಬ ಉದ್ದ ಹೆಸರನ್ನು ಕತ್ತರಿಸಿ ಸತ್ಯನ್ ಎಂದಷ್ಟೇ ಉಳಿಸಿಕೊಂಡರು. ಮಹಾರಾಜಾ ಕಾಲೇಜಿನಲ್ಲಿ ಓದಿ, 1948ರಲ್ಲಿ ಸುರುವಾದ 'ಡೆಕ್ಕನ್ ಹೆರಾಲ್ಡ್' ಸೇರಿ, ಆಮೇಲೆ ಮುಂಬಯಿಯ 'ಇಲಸ್ಟ್ರೇಟೆಡ್ ವೀಕ್ಲಿ'ಗೆ ಹೋದರು. ನಂತರ ಯಾರ ಸಂಬಳವೂ ಬೇಡವೆಂದು ಸ್ವತಂತ್ರವಾಗಿ ದುಡಿದರು. 'ಲೈಫ್', 'ಟೈಮ್', 'ನ್ಯೂಸ್‌ವೀಕ್' ಪತ್ರಿಕೆಗಳಲ್ಲಿ ಅವರ ಚಿತ್ರ ಬಂದವು. ನೆಹರೂ, ಇಂದಿರಾ ಗಾಂಧಿ, ಮೈಸೂರಿನ ಮಹಾರಾಜರು, ಆರ್. ಕೆ. ನಾರಾಯಣ್, ಹೀಗೆ ಆ ಕಾಲದ ರಾಜಕೀಯ ಮತ್ತು ಸಾಹಿತ್ಯದ ದೊಡ್ಡ ಮುಖಗಳೆಲ್ಲ ಅವರ ಕ್ಯಾಮೆರಾದ ಮುಂದೆ ಹಾದುಹೋದವು. 1977ರಲ್ಲಿ ಪದ್ಮಶ್ರೀ ಬಂತು. 'ಕಾಲಕ್ಕೆ ಕನ್ನಡಿ' ಎಂದು ಕನ್ನಡದಲ್ಲಿ ನೆನಪು ಬರೆದರು. 2009ರ ಡಿಸೆಂಬರಿನಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಇಷ್ಟೇ ಆಗಿದ್ದರೆ ಸತ್ಯನ್ ಅವರನ್ನು ಈ ಪುಟಕ್ಕೆ ತರುವ ಅಗತ್ಯವಿರಲಿಲ್ಲ. ಪ್ರಧಾನಿಯ ಮನೆಯ ಬಾಗಿಲು ತೆರೆದುಕೊಂಡ ಮೇಲೂ ಅವರು ಹಳ್ಳಿಯ ಹಾದಿ ಹಿಡಿದರು, ಮುಖ್ಯವಾದದ್ದು ಅದು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನದ ಕೆಲಸವನ್ನು ಚಿತ್ರಿಸಿದರು. ನಮ್ಮಲ್ಲಿ ಸಿಡುಬೆಂದರೆ ಅಮ್ಮ, ದ್ಯಾಮವ್ವ, ಮರಗವ್ವ. ದೇವಿಗೆ ಕೋಳಿ, ಕೇರಿಗೆ ಸಾವು. 1975ರಲ್ಲಿ ಈ ದೇಶದ ಕೊನೆಯ ಸಿಡುಬಿನ ಪ್ರಕರಣ ಮುಗಿಯಿತು. ಆ ಹೋರಾಟದಲ್ಲಿ ಬಗಲಲ್ಲಿ ಚೀಲ ಹಾಕಿಕೊಂಡು ಮನೆಮನೆ ಅಲೆದ ಲಸಿಕೆಯವರ ಮುಖಗಳು ಚರಿತ್ರೆಯಲ್ಲಿ ಉಳಿದಿದ್ದರೆ ಅದಕ್ಕೆ ಸತ್ಯನ್‌ರಂಥವರೂ ಕಾರಣ. ಯುನಿಸೆಫ್‌ಗಾಗಿ ಮಕ್ಕಳ ಚಿತ್ರಗಳನ್ನು ತೆಗೆದರು. 1979 ಅಂತಾರಾಷ್ಟ್ರೀಯ ಮಕ್ಕಳ ವರ್ಷ. ಆ ವರ್ಷ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಅವರ ಮಕ್ಕಳ ಚಿತ್ರಗಳ ಪ್ರದರ್ಶನವಾಯಿತು.

ಸತ್ಯನ್ ಅವರ ಜೊತೆ ನನ್ನದೊಂದು ಜಗಳ ಉಂಟು. ಅವರ ಬಡವರು ನಗುತ್ತಾರೆ. ಅವರ ಮಕ್ಕಳು ಹರಕು ಅಂಗಿಯಲ್ಲೂ ಮುದ್ದಾಗಿ ಕಾಣುತ್ತಾರೆ. ಮನುಷ್ಯನ ಘನತೆಯನ್ನು ಕೆಡಿಸಬಾರದೆಂಬ ಅವರ ಎಚ್ಚರ ದೊಡ್ಡದು. ಹಸಿದವನ ಪಕ್ಕೆಲುಬು ಎಣಿಸಿ ಮಾರುವ ದಂಧೆಗಿಂತ ಅದು ಸಾವಿರ ಪಾಲು ಮೇಲು. ಆದರೆ ಅಂಗಿ ಯಾಕೆ ಹರಿದಿದೆ, ಹರಿದವರು ಯಾರು ಎಂಬ ಪ್ರಶ್ನೆ ಆ ನಗುವಿನಲ್ಲಿ ತೇಲಿಹೋಗುತ್ತದೆ. ಸಿಟ್ಟಿಗೆದ್ದ ಬಡವನ ಮುಖಕ್ಕೆ ವಿಶ್ವಸಂಸ್ಥೆಯ ಗೋಡೆಯ ಮೇಲೆ ಜಾಗ ಸಿಗುತ್ತಿತ್ತೆ? ಹಾಗೆಂದು ಅವರನ್ನು ತಳ್ಳಿಹಾಕುವುದು ತಪ್ಪಾಗುತ್ತದೆ. ನೆಹರೂ ಅವರನ್ನು ನೋಡಿದ ಅದೇ ಎತ್ತರದಿಂದ, ಅದೇ ತಾಳ್ಮೆಯಿಂದ ಅವರು ಒಬ್ಬ ಹಳ್ಳಿ ಹುಡುಗಿಯನ್ನೂ ನೋಡಿದರು. ನಮ್ಮ ಪತ್ರಿಕೆಗಳು ಇಂದಿಗೂ ಅದನ್ನು ಕಲಿತಿಲ್ಲ.

ಇದಕ್ಕೆ ಬೇರೆಯದೇ ಒಂದು ದಾರಿ ಹಿಡಿದವರು ನಾಮದೇವ ವ್ಹಟಕರ. ಮರಾಠಿ ಬರಹಗಾರ, ಚಿತ್ರ ನಿರ್ಮಾಪಕ, ದಲಿತ. 1956ರ ಡಿಸೆಂಬರ್ 6ರಂದು ಬಾಬಾಸಾಹೇಬರು ದಿಲ್ಲಿಯಲ್ಲಿ ತೀರಿಕೊಂಡರು. ಮರುದಿನ ಮುಂಬಯಿಯ ದಾದರಿನಲ್ಲಿ ಅಂತ್ಯಯಾತ್ರೆ. ಲಕ್ಷ ಲಕ್ಷ ಜನ. ದೇಶದ ಸಂವಿಧಾನ ಬರೆದವನ ಕೊನೆಯ ದಿನವನ್ನು ಪೂರ್ತಿಯಾಗಿ ಸಿನಿಮಾ ರೀಲಿನಲ್ಲಿ ಹಿಡಿಯುವ ಕೆಲಸಕ್ಕೆ ಕೈಹಾಕಿದ್ದು ಈ ವ್ಹಟಕರ. ಅದಕ್ಕಾಗಿ ಆತ ತನ್ನ ಆಸ್ತಿಯನ್ನು ಒತ್ತೆಯಿಟ್ಟು ಕ್ಯಾಮೆರಾ, ಫಿಲ್ಮು ಹೊಂದಿಸಿದರೆಂದು ಮರಾಠಿ ದಲಿತರು ಇಂದಿಗೂ ಹೇಳುತ್ತಾರೆ. ಇಂದು ಡಿಸೆಂಬರ್ ಬಂತೆಂದರೆ ಎಲ್ಲ ಮೊಬೈಲುಗಳಲ್ಲಿ ಓಡುವ ಆ ಕಪ್ಪು-ಬಿಳುಪು ಅಂತ್ಯಯಾತ್ರೆ ಇದೆಯಲ್ಲ, ಅದು ನಮ್ಮವನೊಬ್ಬ ಸಾಲ ತಲೆಮೇಲೆ ಹೊತ್ತು ಉಳಿಸಿಕೊಟ್ಟದ್ದು. ನಾಯಕರ ಫೋಟೋ ತೆಗೆದು ಶ್ರೀಮಂತರಾದವರ ಕಥೆ ಬೇಕಾದಷ್ಟಿದೆ. ನಾಯಕನ ಫೋಟೋ ತೆಗೆದು ಸಾಲಗಾರನಾದವನ ಕಥೆ ಇದು. ನೋಡಿ, ಆ ರೀಲಿನಲ್ಲಿ ಗುಂಪು ಅಂಚಿಗೆ ಬಿದ್ದಿಲ್ಲ. ಎದೆ ಬಡಿದುಕೊಳ್ಳುವ ಹೆಂಗಸರು, ಕಂಬ ಹತ್ತಿದ ಹುಡುಗರು, ಗಾಡಿಯ ಜೊತೆ ಓಡುವ ಗಿರಣಿ ಕಾರ್ಮಿಕರು ಚಿತ್ರದ ನಟ್ಟನಡುವೆ ಇದ್ದಾರೆ.

ಇನ್ನು ನಿಪ್ಪಾಣಿಗೆ ಮರಳಬೇಕು. ನಿಪ್ಪಾಣಿಯೆಂದರೆ ತಂಬಾಕ. ಬೀಡಿಯ ತಂಬಾಕ ಬೆಳೆಯುವ ಸುತ್ತಲಿನ ಹಳ್ಳಿ, ಬೆಲೆ ಕಟ್ಟುವ ವ್ಯಾಪಾರಿ, ಆ ವ್ಯಾಪಾರಿಯ ವಖಾರಿ, ವಖಾರಿಯೊಳಗೆ ಕುಟ್ಟುವ, ಜರಡಿ ಹಿಡಿಯುವ ಹೆಂಗಸರು. 1981ರ ಮಾರ್ಚಿನಲ್ಲಿ ಶರದ್ ಜೋಶಿಯವರ ಮುಂದಾಳುತನದಲ್ಲಿ ರೈತರು ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆಯೇ ಠಿಕಾಣಿ ಹೂಡಿದರು. ಮೂರು ವಾರ ರಸ್ತೆ ಬಂದ್. ಏಪ್ರಿಲ್ 6ರಂದು ಗೋಲಿಬಾರು ನಡೆಯಿತು. ಹತ್ತಕ್ಕೂ ಹೆಚ್ಚು ರೈತರು ಸತ್ತರು. ಗುಂಡೂರಾಯರ ಸರಕಾರ, ಹಿಂದಿನ ವರ್ಷವಷ್ಟೇ ನರಗುಂದ-ನವಲಗುಂದದಲ್ಲಿ ಗೋಲಿ ಹಾರಿಸಿದ್ದ ಅದೇ ಸರಕಾರ. ಆ ದಿನಗಳಲ್ಲಿ ಪತ್ರಿಕೆಯವರ ಕ್ಯಾಮೆರಾಗಳು ನಿಪ್ಪಾಣಿಗೆ ಬಂದವು, ಜೋಶಿಯವರ ಭಾಷಣ ತೆಗೆದವು, ಹೆದ್ದಾರಿಯ ಗುಂಪನ್ನು ತೆಗೆದವು. ಅದು ಆಗಬೇಕಾದದ್ದೇ. ಆದರೆ ತಂಬಾಕಿಗೆ ಬೆಲೆ ಕೇಳಿದ ರೈತನ ಹಿಂದೆ, ಅದೇ ತಂಬಾಕಿನ ಧೂಳು ನುಂಗಿ ಕೆಮ್ಮುವ ಕೂಲಿ ಹೆಂಗಸು ಇದ್ದಳಲ್ಲ, ಆಕೆಗೆ ಹೆದ್ದಾರಿಯೂ ಇರಲಿಲ್ಲ, ಕ್ಯಾಮೆರಾವೂ ಇರಲಿಲ್ಲ. ವಖಾರಿಯ ಬಾಗಿಲು ಒಳಗಿನಿಂದ ಹಾಕಿರುತ್ತದೆ. ಒಳಗೆ ಮಾಲಕ, ಮಾಲಕನ ಮುಕಾದಮ, ಅವನ ಬಾಯಿ, ಅವನ ಕೈ. ಅದರ ಬಗ್ಗೆ ಯಾವ ಪೇಪರಿನಲ್ಲಿ ಬರೆಯುತ್ತಾರೆ?

ಆ ಬಾಗಿಲನ್ನು ಹೆಂಗಸರೇ ಒದ್ದು ತೆಗೆದರು. ಪ್ರೊ. ಸುಭಾಷ ಜೋಶಿಯವರ ಚಿಕ್ಕೋಡಿ ತಾಲೂಕಾ ಕಾಮಗಾರ ಮಹಾಸಂಘದ ಜೊತೆ ತಂಬಾಕು ಕಾರ್ಖಾನೆಗಳ ಹೆಂಗಸರು ಸಂಘ ಕಟ್ಟಿದರು, ಮುಷ್ಕರ ಹೂಡಿದರು. (ಈ ಜೋಶಿಯವರೇ ಮುಂದೆ ನಿಪ್ಪಾಣಿಯ ಶಾಸಕರೂ ಆದರು. ಒಂದೇ ಊರಿನ ಚರಿತ್ರೆಯಲ್ಲಿ ಇಬ್ಬರು ಜೋಶಿಗಳು. ವಿದ್ಯಾರ್ಥಿಗಳು ಗೊಂದಲ ಮಾಡಿಕೊಳ್ಳಬಾರದು.) ಆಗ ಇಲ್ಲಿಗೆ ಬಂದದ್ದು 'ಯುಗಾಂತರ್' ಎಂಬ ಒಂದು ಸಣ್ಣ ಗುಂಪು. 1980ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ್ದು. ಅದರಲ್ಲಿದ್ದವರು ದೀಪಾ ಧನರಾಜ್, ಆಭಾ ಭೈಯಾ, ಮೀರಾ ರಾವ್ ಮತ್ತು ಕ್ಯಾಮೆರಾ ಹಿಡಿದ ನವರೋಜ್ ಕಾಂಟ್ರಾಕ್ಟರ್.

ಈ ನವರೋಜ್ ಯಾರು? 1944ರಲ್ಲಿ ಅಹಮದಾಬಾದಿನಲ್ಲಿ ಹುಟ್ಟಿ, ಬರೋಡಾದಲ್ಲಿ ಚಿತ್ರಕಲೆ ಕಲಿತು, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಪಳಗಿ, ಬೆಂಗಳೂರಿನಲ್ಲಿ ನೆಲೆ ನಿಂತ ಛಾಯಾಗ್ರಾಹಕ. ಮಣಿ ಕೌಲ್ ಅವರ 'ದುವಿಧಾ' (1973) ಚಿತ್ರದ ಕ್ಯಾಮೆರಾ ಈತನದು. ಜಾಜ್ ಎಂಬ ಕರಿಯರ ಸಂಗೀತದ ಹುಚ್ಚು. ಜಗತ್ತಿನ ಹೆಸರಾಂತ ಜಾಜ್ ಸಂಗೀತಗಾರರ ಫೋಟೋಗಳಿಗಾಗಿ ಈತನ ಹೆಸರು ಓಡಾಡುತ್ತದೆ. ಗುಲಾಮರ ಮೊಮ್ಮಕ್ಕಳು ತುತ್ತೂರಿ ಊದುವಾಗ ಉಬ್ಬುವ ಕೆನ್ನೆಯನ್ನು, ಮುಚ್ಚಿದ ಕಣ್ಣನ್ನು ಹಿಡಿದ ಅದೇ ಕಣ್ಣು ನಿಪ್ಪಾಣಿಯ ವಖಾರಿಗೆ ಬಂತು.

ಯುಗಾಂತರ್‌ನವರು ಬಂದ ದಿನವೇ ಕ್ಯಾಮೆರಾ ತೆರೆಯಲಿಲ್ಲ. ನಾಲ್ಕು ತಿಂಗಳ ಕಾಲ ಆ ಹೆಂಗಸರ ನಡುವೆ ಇದ್ದು ಕೇಳಿದರು, ಚರ್ಚೆ ಮಾಡಿದರು, ಯಾವುದನ್ನು ತೋರಿಸಬೇಕೆಂಬುದನ್ನು ಅವರ ಜೊತೆ ಕೂತೇ ಕಟ್ಟಿದರು. ಹೀಗೆ ಆದದ್ದು 'ತಂಬಾಕು ಚಾಕಿಲಾ ಓಬ್ ಆಲಿ' ಎಂಬ ಮರಾಠಿ ಹೆಸರಿನ, 25 ನಿಮಿಷದ ಕಪ್ಪು-ಬಿಳುಪು ಚಿತ್ರ, 1982ರಲ್ಲಿ. ಕಾರ್ಖಾನೆಯ ಒಳಗಿನ ಧೂಳು, ಮೂಗಿಗೆ ಕಟ್ಟಿದ ಸೆರಗು, ಸಭೆಯಲ್ಲಿ ಎದ್ದು ನಿಂತು ಮಾತಾಡುವ ಹೆಂಗಸರು ಅಲ್ಲಿ ಕಾಣುತ್ತಾರೆ. ಇಲ್ಲಿ ವ್ಯತ್ಯಾಸ ಗಮನಿಸಬೇಕು. ಮಂತ್ರಿಯ ಫೋಟೋದಲ್ಲಿ ಫಲಾನುಭವಿಗೆ ಬಾಯಿ ಇಲ್ಲ. ಸತ್ಯನ್ ಚಿತ್ರದಲ್ಲಿ ಬಡವನಿಗೆ ಮುಖ ಇದೆ. ಈ ಚಿತ್ರದಲ್ಲಿ ಕೂಲಿ ಹೆಂಗಸಿಗೆ ಮುಖವೂ ಇದೆ, ಬಾಯಿಯೂ ಇದೆ, ಮೇಲಾಗಿ ಜಗಳವೂ ಇದೆ. ಮುಷ್ಕರದ ಕಥೆಯನ್ನು ಮುಷ್ಕರ ಮಾಡಿದವರೇ ಹೇಳುತ್ತಾರೆ.

ಇಂಥ ಚಿತ್ರಗಳು ಊರೂರಿಗೆ ಹೋದದ್ದು ಥಿಯೇಟರಿನ ಮೂಲಕ ಅಲ್ಲ. 16 ಎಂಎಂ ಪ್ರೊಜೆಕ್ಟರ್, ಒಂದು ಬಿಳಿ ಬಟ್ಟೆ, ಸಂಘದ ಸಭೆ. ಇಂದು ಆ ಚಿತ್ರ ಉಳಿದಿರುವುದಕ್ಕೆ ನಮ್ಮ ಸರಕಾರವಾಗಲಿ, ವಿಶ್ವವಿದ್ಯಾನಿಲಯವಾಗಲಿ ಕಾರಣವಲ್ಲ. ಬರ್ಲಿನ್ ನಗರದ ಆರ್ಸೆನಾಲ್ ಎಂಬ ಚಿತ್ರಸಂಸ್ಥೆಯವರು ಅದನ್ನು ಡಿಜಿಟಲ್ ರೂಪಕ್ಕೆ ತಂದು ಕಾಪಾಡಿದರು. ಜರ್ಮನಿಯ ವಿದ್ಯಾರ್ಥಿಗಳು ನಿಪ್ಪಾಣಿಯ ವಖಾರಿ ನೋಡುತ್ತಾರೆ. ನಿಪ್ಪಾಣಿಯ ಹುಡುಗಿ, ತನ್ನ ಅಜ್ಜಿ ಕೂಲಿ ಮಾಡಿದ ಓಣಿಯಲ್ಲೇ ಕಾಲೇಜಿಗೆ ಹೋಗುವವಳು, ಪಠ್ಯದಲ್ಲಿ ಅದರ ಹೆಸರನ್ನೂ ಓದುವುದಿಲ್ಲ. ನವರೋಜ್ 2023ರ ಜೂನಿನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಪತ್ರಿಕೆಗಳು ಜಾಜ್ ನೆನೆದವು, ಮೋಟಾರ್ ಸೈಕಲ್ಲಿನ ಹುಚ್ಚು ನೆನೆದವು. ನಿಪ್ಪಾಣಿಯ ಆ 25 ನಿಮಿಷ ನಮಗೆ ದೊಡ್ಡದು.

ಅಥಣಿಯ ಮಾತನ್ನೂ ಸೇರಿಸದಿದ್ದರೆ ಈ ಲೆಕ್ಕ ಮುಗಿಯುವುದಿಲ್ಲ. ಅಥಣಿ, ಮದಭಾವಿ, ನಿಪ್ಪಾಣಿ ಕಡೆ ಸಮಗಾರರು, ಢೋರರು ತಲೆಮಾರುಗಳಿಂದ ಚರ್ಮ ಹದ ಮಾಡಿ ಮಾಡುವ ಚಪ್ಪಲಿ ಕೊಲ್ಹಾಪುರದ ಹೆಸರಿನಲ್ಲಿ ಮಾರಾಟವಾಗುತ್ತದೆ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿದವು. 2025ರ ಜೂನಿನಲ್ಲಿ ಇಟಲಿಯ ಮಿಲಾನಿನಲ್ಲಿ ಪ್ರಾಡಾ ಎಂಬ ದೊಡ್ಡ ಕಂಪನಿಯ ಫ್ಯಾಷನ್ ಮೆರವಣಿಗೆ ನಡೆಯಿತು. ಗಂಡು ಮಾಡೆಲ್ಲುಗಳ ಕಾಲಲ್ಲಿ ನಮ್ಮ ಚಪ್ಪಲಿಯಂಥದೇ ಚಪ್ಪಲಿ. ಜಗತ್ತಿನ ಕ್ಯಾಮೆರಾಗಳೆಲ್ಲ ಆ ಕಾಲುಗಳ ಮೇಲೆ ಬಿದ್ದವು. ಎಲ್ಲಿಯದು, ಯಾರದು ಎಂಬ ಒಂದು ಸಾಲೂ ಇರಲಿಲ್ಲ. ಗದ್ದಲವಾದ ಮೇಲೆ, ಭಾರತದ ಕರಕುಶಲತೆಯಿಂದ ಪ್ರೇರಣೆ ಪಡೆದದ್ದು ಹೌದೆಂದು ಕಂಪನಿ ಒಪ್ಪಿಕೊಂಡಿತು. ಆಗ ನಮ್ಮ ಪತ್ರಿಕೆಗಳ ಕ್ಯಾಮೆರಾಗಳು ಚಪ್ಪಲಿ ಹುಡುಕಿಕೊಂಡು ಓಡಿದವು. ಹೆಚ್ಚಿನವು ಹೋದದ್ದು ಕೊಲ್ಹಾಪುರದ ಅಂಗಡಿ ಸಾಲಿಗೆ. ಅಥಣಿಯ ಸಮಗಾರ ಇಲ್ಲಿಯೂ ಅಂಚಿಗೇ ನಿಂತ. ಕಾಲಿಗೆ ಬಿದ್ದ ಬೆಳಕು ಹೊಲಿದ ಕೈತನಕ ಬರಲಿಲ್ಲ.

ಹಳ್ಳಿಯ ಮೇಷ್ಟ್ರುಗಳಿಗೆ, ಕಾಲೇಜಿನ ಹುಡುಗ ಹುಡುಗಿಯರಿಗೆ ಒಂದು ಕೆಲಸವಿದೆ. ನಮ್ಮ ಕೇರಿಗಳ ಟ್ರಂಕಿನಲ್ಲಿ, ದೇವರ ಜಗಲಿಯ ಹಿಂದೆ, ಹಾಸಿಗೆಯ ಕೆಳಗೆ ಹಳೆಯ ಫೋಟೋಗಳಿವೆ. ಧಾರವಾಡದಲ್ಲಿ ಅಂಬೇಡ್ಕರರು 1929ರಲ್ಲಿ ಸುರುಮಾಡಿದ, ನಿಪ್ಪಾಣಿ ಸೀಮೆಯ ಬಳವಂತರಾವ ವರಾಳೆಯವರು ನೋಡಿಕೊಂಡ ಬೋರ್ಡಿಂಗಿನಲ್ಲಿ ಓದಿದವರ ಗುಂಪಿನ ಫೋಟೋ ಇರಬಹುದು. ತಂಬಾಕಿನ ಮುಷ್ಕರದ್ದಿರಬಹುದು, ದಲಿತ ಸಂಘರ್ಷ ಸಮಿತಿಯ ಜಾಥಾದ್ದಿರಬಹುದು, ಜಾತ್ರೆಯ ಸ್ಟುಡಿಯೋದಲ್ಲಿ ಪರದೆಯ ಮುಂದೆ ನಿಂತ ಅಜ್ಜಿಯದಿರಬಹುದು. ಅದರಲ್ಲಿ ಯಾರು ಯಾರಿದ್ದಾರೆಂದು ಹೇಳಬಲ್ಲ ಮುದುಕರು ಇನ್ನೂ ಇದ್ದಾರೆ. ಹೋಗಿ ಕೂತು, "ಯಮ್ಮಾ, ಈಕಿ ಯಾರ? ಇಂವ ಯಾರ ಮಗ?" ಅಂತ ಕೇಳಿರಿ. ಎಡದಿಂದ ಬಲಕ್ಕೆ ಒಬ್ಬೊಬ್ಬರ ಹೆಸರು, ಊರು, ಇಸವಿ ಫೋಟೋದ ಹಿಂಬದಿಗೆ ಬರೆಯಿರಿ. ಮೆತ್ತನೆಯ ಪೆನ್ಸಿಲಿನಿಂದ, ಅಂಚಿನಲ್ಲಿ ಹಗುರಾಗಿ ಬರೆಯಿರಿ. ಬಾಲ್ ಪೆನ್ನು ಒತ್ತಿದರೆ ಮುಂದಿನ ಮುಖಕ್ಕೆ ಗೀರು ಮೂಡುತ್ತದೆ.